ಆರು ಮೂರರ ಆಯತ

ಗಣಿತದ ಟೀಚರ್ ಎಂದರೆ ಮುಖ ಗಂಟಿಕ್ಕಿಕೊಂಡೇ ಇರಬೇಕು ಎಂದು ಯಾರು ಕಟ್ಟಳೆ ಮಾಡಿದರೋ, ಅವರು ಆ ಬೆಳಿಗ್ಗೆ ಅವಳನ್ನು ನೋಡಬೇಕಿತ್ತು. ಮಂಡಿ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಶಾಲೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದಳು. ಸೂಚನಾ ಫಲಕದ ಮುಂದೆ ನಿಂತಳು. ಏನೂ ಗೊತ್ತಿಲ್ಲದವಳ ಹಾಗೆ, ದಾರಿಯಲ್ಲಿ ಹೋಗುತ್ತ ಸುಮ್ಮನೆ ಕಣ್ಣು ಬಿದ್ದಿತು ಎಂಬ ಹಾಗೆ ನಿಂತಳು. ನಿನ್ನೆ ಸಂಜೆ ತಾನೇ ಕೈಯಾರೆ ಅಂಟಿಸಿದ ಫಲಿತಾಂಶದ ಹಾಳೆಯನ್ನು ಇನ್ನೊಮ್ಮೆ ಓದುವುದರಲ್ಲಿ ನಾಚಿಕೆಪಡುವಂಥದ್ದೇನಿದೆ? ಅಡುಗೆ ಮಾಡಿದವರು ಒಂದು ಚಮಚ ರುಚಿ ನೋಡುವುದಿಲ್ಲವೆ? ಭಿನ್ನರಾಶಿಯ ಕಾಲಮ್ಮಿನಲ್ಲಿ ಅಲ್ಲಲ್ಲಿ ಕೆಂಪು, ದಶಮಾಂಶದಲ್ಲಿ ಸ್ವಲ್ಪ ಹೆಚ್ಚೇ ಕೆಂಪು. ಆದರೆ ವಿಸ್ತೀರ್ಣ ಎಂದು ಬರೆದ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಹಸಿರು ಟಿಕ್ಕುಗಳು, ನಡುವೆ ಒಂದೇ ಒಂದು ಕೆಂಪು ಅಡ್ಡಗೆರೆ. ಆ ಗೆರೆಯ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಹಸಿರಿನ ಮೇಲೆ ಮಾತ್ರ ಎರಡು ಸಲ ಓಡಾಡಿತು.

ಆ ಪ್ರಶ್ನೆಪತ್ರಿಕೆಯನ್ನು ಅವಳು ಬೇಸಿಗೆಯ ರಜೆಯಿಡೀ ಕೂತು ಹೆಣೆದಿದ್ದಳು. ಪರೀಕ್ಷೆ ಎಂದರೆ ಮಕ್ಕಳಿಗೆ ಅಡ್ಡಗಾಲು ಹಾಕುವುದಲ್ಲ ಎಂದು ಮನೆಯಲ್ಲಿ ಗಂಡನಿಗೆ ಉಪನ್ಯಾಸ ಕೊಟ್ಟು ಕೊಟ್ಟು, ಅವನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಹೂಂಗುಟ್ಟುವುದನ್ನು ಕಲಿತಿದ್ದ. ವಿಸ್ತೀರ್ಣ ಗೊತ್ತೇ ಎಂದು ನೋಡಬೇಕಾದರೆ ಮಗುವಿನ ಮುಂದೆ ಮೂವತ್ತೇಳು, ಐವತ್ತಾರು ಎಂಬ ದಪ್ಪ ದಪ್ಪ ಸಂಖ್ಯೆಗಳನ್ನಿಟ್ಟು ಗುಣಾಕಾರದಲ್ಲಿ ಮುಗ್ಗರಿಸುವ ಹಾಗೆ ಮಾಡಬಾರದು. ಲೆಕ್ಕ ಹಗುರವಾಗಿರಬೇಕು, ತಿಳುವಳಿಕೆ ಮಾತ್ರ ಕಾಣಬೇಕು. ಅದಕ್ಕೇ ಆರು ಸೆಂಟಿಮೀಟರ್ ಉದ್ದ ಮೂರು ಸೆಂಟಿಮೀಟರ್ ಅಗಲದ ಒಂದು ಆಯತ, ನಾಲ್ಕು ಸೆಂಟಿಮೀಟರಿನ ಒಂದು ಚೌಕ. ಉತ್ತರಕ್ಕೆ ಪುಟ್ಟ ಡಬ್ಬಿ. ಯೂನಿಟ್ ಬರೆಯುವುದು ಮರೆತು ಯಾರೂ ಅಂಕ ಕಳೆದುಕೊಳ್ಳಬಾರದೆಂದು ಡಬ್ಬಿಯ ಪಕ್ಕದಲ್ಲೇ ‘ಚದರ ಸೆಂಟಿಮೀಟರ್’ ಎಂದು ಅಚ್ಚು ಹಾಕಿಸಿದ್ದಳು. ಕಚ್ಚಾ ಲೆಕ್ಕಕ್ಕೆ ಬೇರೆ ಹಾಳೆ. ಪರೀಕ್ಷೆ ಮುಗಿದ ಮೇಲೆ ಅದು ರದ್ದಿಗೆ. ಡಬ್ಬಿಯೊಳಗೆ ಇದ್ದದ್ದು ಇದೆ, ಇಲ್ಲದ್ದು ಇಲ್ಲ. ತಿದ್ದುವವರ ಮುಲಾಜಿಗೆ, ಮರ್ಜಿಗೆ, ತಲೆನೋವಿಗೆ ಅಲ್ಲಿ ಜಾಗವೇ ಇರಲಿಲ್ಲ. ಪ್ರಿನ್ಸಿಪಾಲರು ಮೆಚ್ಚಿ ತಲೆದೂಗಿ, ಆಡಳಿತ ಮಂಡಳಿಯ ಎಲ್ಲ ಶಾಲೆಗಳಿಗೂ ಇದೇ ಪತ್ರಿಕೆ ಎಂದಿದ್ದರು. ಇವತ್ತು ಸಂಜೆ ಪ್ರೆಸ್ಸಿನವನು ಬರುವವನಿದ್ದ. ಪತ್ರಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರೂ ಇರುತ್ತದಂತೆ.

ಕೆಂಪು ಗೆರೆ ಚುಕ್ಕಿಯದು. ಆ ಹುಡುಗಿಗೆ ಚುಕ್ಕಿ ಎಂದು ಹೆಸರಿಟ್ಟವಳು ಇವಳೇ. ಯಾವ ಚಿತ್ರ ಕೊಟ್ಟರೂ ಅದರೊಳಗೆ ಗೆರೆ ಎಳೆದು ಮನೆ ಮಾಡಿ, ಒಂದೊಂದು ಮನೆಯಲ್ಲೂ ಪೆನ್ಸಿಲಿನಿಂದ ಚುಕ್ಕಿ ಇಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸುವ ಹುಡುಗಿ. ಉಳಿದವರು ಮುಂದಿನ ಪುಟಕ್ಕೆ ಹೋಗಿ ಬಂದರೂ ಅವಳ ಚುಕ್ಕಿ ಮುಗಿದಿರುತ್ತಿರಲಿಲ್ಲ. “ಏನಮ್ಮ ಚುಕ್ಕಿ, ಸಂಜೆಯೊಳಗೆ ಮುಗಿಯುತ್ತಾ?” ಎಂದು ಒಂದು ದಿನ ತಮಾಷೆಗೆ ಕೇಳಿದ್ದಳು, ಪ್ರೀತಿಯಿಂದಲೇ ಕೇಳಿದ್ದಳು. ತರಗತಿ ಗೊಳ್ಳೆಂದು ನಕ್ಕಿತ್ತು. ಹೆಸರು ಅಂಟಿಕೊಂಡಿತ್ತು. ಪರೀಕ್ಷೆಯಲ್ಲೂ ಚುಕ್ಕಿ ಅದನ್ನೇ ಮಾಡಿದ್ದಳು. ಆಯತದೊಳಗೆ ಮನೆ ಕಟ್ಟಿ, ಚುಕ್ಕಿ ಇಟ್ಟು, ಡಬ್ಬಿಯಲ್ಲಿ ಹದಿನೇಳು ಎಂದು ಬರೆದಿದ್ದಳು. ಚೌಕದಲ್ಲಿ ಇನ್ನೂ ಅರ್ಧ ಮನೆಗಳಿಗೆ ಚುಕ್ಕಿ ಬಿದ್ದಿರುವಾಗಲೇ ಗಂಟೆ ಹೊಡೆದು, ಡಬ್ಬಿ ಖಾಲಿ. ವಿಸ್ತೀರ್ಣ: ಸಾಧಿಸಿಲ್ಲ. ಒಟ್ಟು ಅಂಕ ಪಾಸಿನ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ. ಇನ್ನು ಅವಳು ಬುನಾದಿ ತರಗತಿಗೆ. ಪ್ರಯೋಗಾಲಯದ ಹಿಂದಿನ ಆ ಕೋಣೆಗೆ ಹೋದವರು ವರ್ಷವಿಡೀ ಸಂಕಲನ ವ್ಯವಕಲನ ತಿರುವಿಹಾಕುತ್ತಾರೆ. ಅಲ್ಲಿಂದ ಯಾರೂ ತಿರುಗಿ ಗಣಿತಕ್ಕೆ ಬಂದದ್ದನ್ನು ಇವಳು ಕಂಡಿಲ್ಲ. ಪಾಪ ಎನ್ನಿಸಿತು. ಆದರೆ ಪಾಪ ಎನ್ನಿಸುವುದೇ ಬೇರೆ, ಮೌಲ್ಯಮಾಪನವೇ ಬೇರೆ ಎಂದುಕೊಂಡು ಸೀರೆಯ ಸೆರಗು ಸರಿಮಾಡಿಕೊಂಡು ತರಗತಿಗೆ ನಡೆದಳು.

ಅವತ್ತು ಪಾಠ ಮಾಡುವ ಯೋಚನೆಯೇ ಇರಲಿಲ್ಲ. ಉತ್ತರಪತ್ರಿಕೆ ಹಂಚಿ, ಒಂದಿಷ್ಟು ಬೆನ್ನು ತಟ್ಟಿ, ಒಂದಿಷ್ಟು ಕಿವಿ ಹಿಂಡಿ ಮುಗಿಸುವುದೆಂದಿದ್ದಳು. ಮೂಲೆಯ ಬೆಂಚಿನಲ್ಲಿ ಚುಕ್ಕಿ ತನ್ನ ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದು ಕಂಡು, ಹೋಗುವ ಮುಂಚೆ ಇದಕ್ಕೆ ಇದೊಂದನ್ನಾದರೂ ಹೇಳಿಕೊಟ್ಟು ಕಳಿಸೋಣ ಎನ್ನಿಸಿತು. ಎಲ್ಲರಿಗಿಂತ ಮೊದಲು ಮುಗಿಸುವ, ಮುಗಿಸಿದ್ದನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಪೆನ್ನು ಟಪ್ಪೆಂದು ಇಡುವ ಹುಡುಗನೊಬ್ಬನಿದ್ದ. ಅವನಿಗೆ ಸೂಪರ್‌ಫಾಸ್ಟ್ ಎಂದು ಹೆಸರು.

“ಬಾರಪ್ಪ ಸೂಪರ್‌ಫಾಸ್ಟ್, ಬೋರ್ಡಿಗೆ ಬಾ. ಆ ಆಯತದ ವಿಸ್ತೀರ್ಣ ಹೇಗೆ ಕಂಡುಹಿಡಿದೆ ಅಂತ ಇವಳಿಗೆ ತೋರಿಸು. ನಿಧಾನವಾಗಿ.”

“ತುಂಬಾ ಸುಲಭ ಮಿಸ್” ಎಂದ ಅವನು. ಆಯತ ಬರೆದ. ಅದರ ಸುತ್ತ, ಸೈಟಿಗೆ ಬೇಲಿ ಹಾಕುವವನ ಹಾಗೆ, ಸೀಮೆಸುಣ್ಣ ಓಡಿಸಿದ. “ಇಲ್ಲಿ ಆರು, ಇಲ್ಲಿ ಮೂರು, ಮತ್ತೆ ಆರು, ಮತ್ತೆ ಮೂರು. ಕೂಡಿದ್ರೆ ಹದಿನೆಂಟು.”

ತಪ್ಪು ಎನ್ನಲು ಅವಳು ಬಾಯಿ ತೆರೆದಳು. ಬಾಯಿ ತೆರೆದಂತೆಯೇ ಉಳಿಯಿತು. ಅದು ಸುತ್ತಳತೆ ಕಣೋ, ವಿಸ್ತೀರ್ಣ ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಬೋರ್ಡಿನ ಮೇಲೆ ಹದಿನೆಂಟು ಎಂದಿತ್ತು, ಮತ್ತು ಹದಿನೆಂಟೇ ಸರಿಯುತ್ತರ. ಆರು ಮೂರಲಿ ಹದಿನೆಂಟು. ಸುತ್ತ ಕೂಡಿದರೂ ಹದಿನೆಂಟು. ಒಳಗೂ ಹದಿನೆಂಟು, ಹೊರಗೂ ಹದಿನೆಂಟು. ಚೌಕವಾದರೂ ಕೈಹಿಡಿದೀತು ಎಂದು ಮನಸ್ಸು ಅತ್ತ ಓಡಿತು. ನಾಲ್ಕು ನಾಲ್ಕಲಿ ಹದಿನಾರು. ನಾಲ್ಕು ಬದಿ ಕೂಡಿದರೆ, ನಾಲ್ಕು, ಎಂಟು, ಹನ್ನೆರಡು, ಹದಿನಾರು. ಅವಳಿಗೆ ಕಿವಿ ಬಿಸಿಯಾಯಿತು. ಫ್ಯಾನು ತಿರುಗುತ್ತಲೇ ಇತ್ತು.

“ಸರಿನಾ ಮಿಸ್?” ಎಂದ ಹುಡುಗ.

ಅವಳು ಅವನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಪಕ್ಕದಲ್ಲಿ ಇನ್ನೊಂದು ಆಯತ ಬರೆದಳು. ಉದ್ದ ಐದು, ಅಗಲ ಎರಡು. “ಇದರ ವಿಸ್ತೀರ್ಣ ಎಷ್ಟು? ಎಲ್ಲರೂ ಹೇಳಿ.” ಹದಿನಾಲ್ಕು ಎಂದು ಸೂಪರ್‌ಫಾಸ್ಟ್ ಕೂಗಿದ. ಹದಿನಾಲ್ಕು, ಹದಿನಾಲ್ಕು ಎಂದು ಬೆಂಚಿನಿಂದ ಬೆಂಚಿಗೆ ಹರಡಿತು. ಹತ್ತು ಎಂದು ಹೊರಟ ಒಂದೆರಡು ದನಿಗಳು ಸುತ್ತ ನೋಡಿ ಅರ್ಧಕ್ಕೇ ನುಂಗಿಕೊಂಡು ಹದಿನಾಲ್ಕಾದವು. ಇವರಲ್ಲಿ ಪರೀಕ್ಷೆಯ ದಿನ ಗುಣಿಸಿದವರು ಯಾರು, ಸುತ್ತ ಕೂಡಿದವರು ಯಾರು? ಕಚ್ಚಾ ಹಾಳೆಗಳು ರದ್ದಿಯವನ ಗಾಡಿ ಹತ್ತಿ ಹೋಗಿ ವಾರವಾಗಿತ್ತು. ಆ ಗದ್ದಲ ಅಡಗುವವರೆಗೆ ಮೂಲೆಯಿಂದ ಒಂದು ಕೈ ಮೇಲೆದ್ದೇ ಇತ್ತು.

“ಹತ್ತು, ಮಿಸ್” ಎಂದಳು ಚುಕ್ಕಿ.

ತರಗತಿ ನಕ್ಕಿತು. ಯಾರದು ನಗೋದು ಎಂದು ಗದರಲು ಹೊರಟವಳಿಗೆ ಆ ನಗುವಿನ ಗುರುತು ಹತ್ತಿತು. ಅದು ಇವಳೇ ಕಲಿಸಿಕೊಟ್ಟ ನಗು. ವಿಸ್ತೀರ್ಣ ಕಲಿತರೋ ಇಲ್ಲವೋ, ಅದನ್ನಂತೂ ಎಲ್ಲರೂ ಚೆನ್ನಾಗಿ ಕಲಿತಿದ್ದರು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬೋರ್ಡು ಒರೆಸದೆ ಹಾಗೇ ಬಿಟ್ಟು, ಮುಂದಿನ ಪಾಠ ನೀವೇ ಓದಿಕೊಳ್ಳಿ ಎಂದು ಹೇಳಿ, ಕುರ್ಚಿಯಲ್ಲಿ ಕೂತು ಉತ್ತರಪತ್ರಿಕೆಗಳನ್ನು ವಾಪಸು ತರಿಸಿಕೊಂಡು ಒಂದೊಂದಾಗಿ ತಿರುವಿದಳು. ಹದಿನೆಂಟು, ಹದಿನಾರು. ಹದಿನೆಂಟು, ಹದಿನಾರು. ಎಷ್ಟು ಚೊಕ್ಕ ಅಕ್ಷರ, ಎಷ್ಟು ಚೊಕ್ಕ ಡಬ್ಬಿ. ಒಂದು ಹಾಳೆಯಲ್ಲಾದರೂ ಮಗುವಿನ ತಲೆಯೊಳಗೆ ಏನು ನಡೆಯಿತೆಂಬುದರ ಸುಳಿವಿಲ್ಲ. ಯಾರಾದರೂ ‘ಸೆಂಟಿಮೀಟರ್’ ಎಂದಷ್ಟೇ ಬರೆದಿದ್ದರೆ ಸಿಕ್ಕಿಬೀಳುತ್ತಿದ್ದರು. ಅದಕ್ಕೂ ದಾರಿಯಿಲ್ಲದ ಹಾಗೆ ‘ಚದರ’ವನ್ನು ಇವಳೇ ಮುಂಚಿತವಾಗಿ ಅಚ್ಚು ಹಾಕಿಸಿಕೊಟ್ಟಿದ್ದಳು. ಎಲ್ಲ ಬಾಗಿಲುಗಳನ್ನೂ ತಾನೇ ಮುತುವರ್ಜಿಯಿಂದ ಮುಚ್ಚಿದ್ದಳು. ಇಡೀ ಕಟ್ಟಿನಲ್ಲಿ ಒಳಗೇನು ನಡೆಯಿತೆಂದು ತೋರಿಸುವ ಹಾಳೆ ಒಂದೇ, ಪೆನ್ಸಿಲಿನ ಮಸಿ ಮೆತ್ತಿದ, ಚುಕ್ಕಿಗಳಿಂದ ಗಲೀಜಾದ ಹಾಳೆ. ಅದರ ಮೇಲೆ ಇವಳ ಕೆಂಪು ಶಾಯಿಯ ಸೊನ್ನೆ.

ಅವಳು ಚಿಕ್ಕವಳಿದ್ದಾಗ ಅಪ್ಪ ಹಿತ್ತಾಳೆಯ ತೂಕಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಡುತ್ತಿದ್ದರು. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು ಎಂದರೆ ಅಂಗಡಿ ಬೀದಿಯಲ್ಲಿ ಸಣ್ಣ ಮರ್ಯಾದೆಯಲ್ಲ. ರಜೆಯ ದಿನಗಳಲ್ಲಿ ಅವರ ಬೆನ್ನಿಗೆ ಬೀಳುತ್ತಿದ್ದ ಅವಳಿಗೆ ಅಂಗಡಿಯವರು ಸ್ಟೂಲು ಹಾಕಿ ಕೂರಿಸುತ್ತಿದ್ದರು. ಅಂಥ ಒಂದು ದಿನ ಯಾವ ಅಂಗಡಿಗೆ ಹೋದರೂ ತೂಕ ಸರಿ. ಅಪ್ಪ ಖುಷಿಯಲ್ಲಿದ್ದರು, ಮುದ್ರೆ ಒತ್ತುತ್ತ, ಜೋಕು ಹೊಡೆಯುತ್ತ ಹೋದರು. ಬೀದಿಯ ಕೊನೆಗೆ ಮೊಳೆ, ಚಿಲಕ ಮಾರುವ ಮುದುಕನ ಅಂಗಡಿಯಲ್ಲಿ ಮಾತ್ರ ತಕ್ಕಡಿ ಒಂದು ಕಡೆಗೆ ವಾಲಿತು. ಅಪ್ಪ ಗಿರಾಕಿಗಳ ಮುಂದೆಯೇ ಮುದುಕನನ್ನು ತರಾಟೆಗೆ ತೆಗೆದುಕೊಂಡರು. ಮುದುಕ ತನ್ನ ತೂಕವನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದ. ಆ ನೋಟಕ್ಕೋ ಏನೋ ಅಪ್ಪ ತಮ್ಮ ತೂಕವನ್ನು ಬೋರಲು ಮಾಡಿದರು. ತಳದಲ್ಲಿ ತುಂಬಿಸಿದ್ದ ಸೀಸ ಯಾವಾಗಲೋ ಕಳಚಿ ಬಿದ್ದುಹೋಗಿ, ಅಲ್ಲೊಂದು ಗುಳಿ ಮಾತ್ರ ಇತ್ತು. ಹಗುರವಾಗಿದ್ದದ್ದು ಅಪ್ಪನ ತೂಕ, ಮುದುಕನದು ಸರಿಯಾಗಿತ್ತು. ಮುದುಕನ ಕ್ಷಮೆ ಕೇಳಿ ಅಲ್ಲಿಗೇ ಮುಗಿಸಬಹುದಿತ್ತು. ಬೀದಿಗೆಲ್ಲ ಗೊತ್ತಾಗುವ ಅಗತ್ಯವಿರಲಿಲ್ಲ. ಅಪ್ಪ ಕಚೇರಿಗೆ ಹೋಗಿ ಬೇರೆ ತೂಕ ತಂದು, ಬೆಳಿಗ್ಗೆ ನೋಡಿದ ಮೊದಲನೇ ಅಂಗಡಿಯಿಂದ ಮತ್ತೆ ಶುರುಮಾಡಿದರು. “ನನ್ನ ತೂಕಾನೇ ಸರಿ ಇರ್ಲಿಲ್ಲ. ಇನ್ನೊಂದ್ಸಲ ನೋಡ್ತೀನಿ” ಎಂದು ಪ್ರತಿ ಅಂಗಡಿಯಲ್ಲೂ ಅದೇ ಮಾತು. ಅಂಗಡಿಯವರು ಬೆನ್ನ ಹಿಂದೆ ಕಿಸಕ್ಕೆಂದರು. ಅವಳು ಯಾರ ಮಗಳೂ ಅಲ್ಲದವಳ ಹಾಗೆ ಹಿಂದೆ ಉಳಿದು, ಬಳೆ ಅಂಗಡಿಯ ಗಾಜಿನೊಳಗೆ ನೋಡುತ್ತ ನಿಂತಿದ್ದಳು. ಅಪ್ಪ ತಿರುಗಿ ನೋಡಿ, ಕರೆಯದೆ ಮುಂದೆ ಹೋದರು.

ಊಟದ ಹೊತ್ತಿಗೆ ಚುಕ್ಕಿಯ ಚಿಕ್ಕಮ್ಮ ಬಂದಳು. ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂರುವವಳು, ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದಳು, “ಇವಳಮ್ಮಂಗೆ ರಜ ಸಿಗ್ಲಿಲ್ಲ ಮೇಡಂ, ಅದಕ್ಕೇ ನಾನು ಬಂದೆ. ಬುನಾದಿ ಕ್ಲಾಸಿಗೆ ಒಪ್ಪಿಗೆ ಕೊಡ್ಬೇಕಂತಲ್ಲ, ಎಲ್ಲಿ ಸಹಿ ಹಾಕ್ಲಿ?”

“ಕೂತ್ಕೊಳ್ಳಿ.”

“ಕೂತ್ಕೊಳ್ಳೋಕೆ ಪುರ್ಸೊತ್ತಿಲ್ಲ ಮೇಡಂ. ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ತಲೆಗೆ ಹತ್ತಲ್ಲ. ನಂಗೂ ಅಷ್ಟೆ, ನಮ್ಮಕ್ಕಂಗೂ ಅಷ್ಟೆ. ನೀವು ಹೇಳಿದ್ಮೇಲೆ ಇನ್ನೇನಿದೆ, ನೀವು ಓದಿದೋರು.” ಜಗಳವಾಡಿದ್ದರೆ ಚೆನ್ನಾಗಿತ್ತು. ಯಾಕೆ, ಹೇಗೆ ಎಂದು ಒಂದು ಮಾತಾದರೂ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಈ ನಂಬಿಕೆಯನ್ನು ಎಲ್ಲಿಡಬೇಕೆಂದು ಅವಳಿಗೆ ತೋಚಲಿಲ್ಲ. ಚಿಕ್ಕಮ್ಮ ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದಳು.

“ಸಹಿ ಹಾಕ್ಬೇಡಿ” ಎಂದಳು ಟೀಚರ್.

“ಅಂದ್ರೆ? ಪಾಸಾದ್ಲಾ ಇವಳು?”

“ಗೊತ್ತಿಲ್ಲಮ್ಮ. ಯಾರು ಪಾಸು ಯಾರು ಫೇಲು ಅಂತ ನಂಗೆ ಗೊತ್ತಿಲ್ಲ. ನಾನು ಕೇಳಿದ ಪ್ರಶ್ನೇನೇ ಸರಿ ಇರ್ಲಿಲ್ಲ. ಇನ್ನೊಂದ್ಸಲ ನೋಡ್ತೀನಿ.”

ಹೇಳಿದ ಮೇಲೆ ಆ ಮಾತು ಯಾರದೆಂದು ಅವಳಿಗೆ ಹೊಳೆಯಿತು. ಚಿಕ್ಕಮ್ಮ ಪೆನ್ನು ಮುಚ್ಚಿ, “ಅರ್ಧ ದಿನದ ರಜ ದಂಡ ಆಯ್ತಲ್ಲ” ಎಂದು ಗೊಣಗಿದಳು. ಆದರೆ ಹೋಗುವಾಗ ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. “ದಡ್ಡಿ ಅಲ್ಲ ಅಲ್ವಾ ಮೇಡಂ ಇವಳು?” ಎಂದು ಮೆಲ್ಲಗೆ ಕೇಳಿದಳು. “ಅಲ್ಲ” ಎಂದಳು ಟೀಚರ್. ಬೆಳಗಿನಿಂದ ಅವಳು ಖಚಿತವಾಗಿ ಆಡಿದ ಮೊದಲ ಮಾತು ಅದು.

ಪ್ರಿನ್ಸಿಪಾಲರ ಕೋಣೆಯ ಹೊರಗೆ ಕಾಯುವಾಗ ಸುಮ್ಮನೆ ಕೂರಲಾಗದೆ ಯಾವುದೋ ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದಳು. ಒಳಗೂ ಹೊರಗೂ ಒಂದೇ ಸಂಖ್ಯೆ ಬರುವ ಆಯತಗಳು ಎಷ್ಟಿರಬಹುದು? ಎರಡನ್ನು ಆಚೆ ಕಳೆದಳು, ಈಚೆ ಕಳೆದಳು, ಗುಣಿಸಿದಳು. ಪೂರ್ಣಸಂಖ್ಯೆಗಳಲ್ಲಿ ಇಂಥವು ಎರಡೇ ಎರಡು. ಆರು ಮೂರರದು, ನಾಲ್ಕು ನಾಲ್ಕರದು. ಲೋಕದಲ್ಲಿರುವ ಲೆಕ್ಕವಿಲ್ಲದಷ್ಟು ಆಯತಗಳ ನಡುವೆ ಕೈಯಾಡಿಸಿ, ಕೆಟ್ಟುಹೋದ ಎರಡನ್ನೇ ಆರಿಸಿ ತಟ್ಟೆಗೆ ಬಡಿಸಿದ್ದಳು! ಇಷ್ಟು ಪರಿಪೂರ್ಣವಾಗಿ ತಪ್ಪಬೇಕಾದರೂ ಒಂದು ಯೋಗ್ಯತೆ ಬೇಕು. ಅವಳಿಗೆ ನಗು ಒತ್ತರಿಸಿ ಬಂತು. ಕಾರಿಡಾರಿನಲ್ಲಿ ಒಬ್ಬಳೇ ನಗುತ್ತಿದ್ದವಳನ್ನು ಅಟೆಂಡರು ವಿಚಿತ್ರವಾಗಿ ನೋಡಿ ಹೋದ. ನಕ್ಕ ಮೇಲೆ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಲೆಕ್ಕ ಅವಳ ಕೈ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದವಳು ಅವಳೇ.

ಪ್ರಿನ್ಸಿಪಾಲರು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು. “ಇಷ್ಟೇನಾ ಮೇಡಂ? ನಾನೇನೋ ಪತ್ರಿಕೆ ಬಯಲಾಯ್ತೇನೋ ಅಂತ ಹೆದರ್ಕೊಂಡೆ. ಆ ಹುಡುಗಿಗೆ ಎರಡು ಅಂಕ ಹಾಕಿ ಮೇಲೆ ತನ್ನಿ. ಬುನಾದಿ ಪಟ್ಟಿಯಿಂದ ಹೆಸರು ತೆಗೆದ್ಬಿಡಿ. ಪಾಪ, ಅವಳಿಗೂ ಒಳ್ಳೇದಾಗುತ್ತೆ, ನಿಮಗೂ ಸಮಾಧಾನ.”

“ಉಳಿದವರು ಸಾರ್?”

“ಉಳಿದವರು ಸರಿ ಉತ್ತರ ಬರ್ದಿದ್ದಾರೆ ತಾನೇ? ಸರಿ ಉತ್ತರಕ್ಕೆ ತಪ್ಪು ಅಂತ ಹೇಗೆ ಹಾಕ್ತೀರಿ?”

ಇದು ಕುಂಟು ವಾದವಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಕ್ಷಣ ಆ ಎರಡು ಅಂಕ ಕಣ್ಣ ಮುಂದೆ ಬಂದು ಕೂತಿತು. ಎಷ್ಟು ಸಲೀಸು. ಚುಕ್ಕಿ ಉಳಿಯುತ್ತಾಳೆ, ಪತ್ರಿಕೆ ಪ್ರೆಸ್ಸಿಗೆ ಹೋಗುತ್ತದೆ, ಕೆಳಗೆ ಸಣ್ಣ ಅಕ್ಷರದ ಹೆಸರೂ ಹೋಗುತ್ತದೆ. ಆಮೇಲೆ ಎಲ್ಲ ಶಾಲೆಗಳಲ್ಲೂ ಹಸಿರೋ ಹಸಿರು. ಅಲ್ಲಿ ಯಾವ ಯಾವ ಮೂಲೆಯಲ್ಲಿ ಯಾವ ಯಾವ ಹುಡುಗಿ ಚುಕ್ಕಿ ಇಡುತ್ತ ಕೂತಿರುತ್ತಾಳೋ. ಬಳೆ ಅಂಗಡಿಯ ಗಾಜಿನಲ್ಲಿ ಅಪ್ಪನ ಬೆನ್ನು ದೂರವಾಗುತ್ತಿತ್ತು.

“ಮಕ್ಕಳ ಉತ್ತರಕ್ಕೆ ತಪ್ಪು ಹಾಕಲ್ಲ ಸಾರ್. ನನ್ನ ಪ್ರಶ್ನೆಗೆ ಹಾಕ್ತೀನಿ. ಆ ಕಾಲಮ್ಮು ಪೂರ್ತಿ ರದ್ದು. ಇನ್ನೊಂದ್ಸಲ ಪರೀಕ್ಷೆ, ಇವತ್ತೇ. ಪ್ರೆಸ್ಸಿನವರಿಗೆ ಬರ್ಬೇಡಿ ಅಂತ ಹೇಳಿ.”

“ಪಾಲಕರು ಕೇಳಿದ್ರೆ?”

“ನನ್ನ ಹತ್ರ ಕಳಿಸಿ.”

“ಸಂಯೋಜಕರ ಹುದ್ದೆಗೆ ನಿಮ್ಮ ಹೆಸರು ಬರೆದು ಕಳಿಸಿದ್ದೀನಿ ಮೇಡಂ. ಮಂಡಳಿಯವರು ಏನಂದ್ಕೋತಾರೆ? ಪತ್ರಿಕೆ ತೆಗೆಯೋಕೂ ಬರಲ್ಲ ಅಂತಾರೆ.”

“ಅಂದ್ಕೊಳ್ಲಿ ಸಾರ್. ಈ ಸಲ ಬರ್ಲಿಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ. ಮುಂದಿನ ಸಲ ಬರುತ್ತೆ.” ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡು ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿ, ನಿಟ್ಟುಸಿರು ಬಿಟ್ಟು ಫೋನಿಗೆ ಕೈ ಹಾಕಿದರು. ಬರುವ ದಾರಿಯಲ್ಲಿ ಅವಳು ಸೂಚನಾ ಫಲಕದ ಹಾಳೆಯನ್ನು ಕಿತ್ತಳು. ಗೋಂದು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆಯಬೇಕಾಯಿತು. ವಿಜ್ಞಾನದ ಮೇಷ್ಟ್ರು ನಿಂತು ನೋಡಿ ಹುಬ್ಬೇರಿಸಿದರು. ನೋಡಲಿ ಎಂದು ಇನ್ನಷ್ಟು ಜೋರಾಗಿ ಕೆರೆದಳು.

ಕೊನೆಯ ಪೀರಿಯಡ್ಡಿಗೆ ತರಗತಿಗೆ ಹೋದಾಗ ಬೋರ್ಡಿನ ಮೇಲೆ ಆ ಎರಡು ಆಯತಗಳು ಹಾಗೆಯೇ ಇದ್ದವು. ಅವಳು ಸುತ್ತು ಬಳಸದೆ ಹೇಳಿದಳು. ವಿಸ್ತೀರ್ಣದ ಪ್ರಶ್ನೆಗಳು ಸರಿ ಇರಲಿಲ್ಲ, ತಪ್ಪು ನಿಮ್ಮದಲ್ಲ, ನನ್ನದು, ಇವತ್ತು ಮತ್ತೆ ನೋಡೋಣ. ಸೂಪರ್‌ಫಾಸ್ಟಿನ ಮುಖ ಊದಿಕೊಂಡಿತು. “ನಂಗೆ ಪೂರ್ತಿ ಅಂಕ ಬಂದಿತ್ತು ಮಿಸ್” ಎಂದ, ಅಳು ಬರುವ ಹಾಗೆ. “ಹೌದಪ್ಪ, ಕೊಟ್ಟವಳು ನಾನೇ” ಎಂದಳು. “ಇನ್ನೊಂದು ಮಾತು. ಚುಕ್ಕಿ ಅಂತ ಹೆಸರಿಟ್ಟು ನಿಮ್ಮನ್ನೆಲ್ಲ ನಗಿಸಿದ್ದೂ ನಾನೇ. ಅದೂ ತಪ್ಪು. ಬೆಳಿಗ್ಗೆ ಈ ಐದು ಎರಡರ ಆಯತಕ್ಕೆ ಸರಿ ಹೇಳಿದವಳು ಅವಳೊಬ್ಬಳೇ. ಹೇಗೆ ಹೇಳಿದಳು ಅಂತ ಅವಳನ್ನೇ ಕೇಳಿ.”

ಹುಡುಗಿ ಬೋರ್ಡಿಗೆ ಬಂದಳು. ಕಿವಿ ಕೆಂಪಾಗಿತ್ತು. ಆಯತದೊಳಗೆ ಗೆರೆ ಎಳೆದಳು, ಮನೆ ಮಾಡಿದಳು, ಒಂದೊಂದು ಮನೆಯಲ್ಲೂ ಸೀಮೆಸುಣ್ಣದಿಂದ ಚುಕ್ಕಿ ಇಟ್ಟಳು. “ಒಳಗೆ ಎಷ್ಟು ಜಾಗ ಇದೆ ಅಂತ ತಾನೇ ಕೇಳಿರೋದು. ಸುತ್ತ ಹೋದ್ರೆ ಒಳಗಿಂದು ಹೇಗೆ ಗೊತ್ತಾಗುತ್ತೆ?” ಎಂದು ಬೋರ್ಡಿಗೇ ಹೇಳುವವಳ ಹಾಗೆ ಹೇಳಿದಳು. ಯಾರೂ ನಗಲಿಲ್ಲ. ಟೀಚರ್ ಹೊಸದೊಂದು ಆಯತ ಬರೆದಳು, ಉದ್ದ ಏಳು ಅಗಲ ಮೂರು. ಹಳೆಯ ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿ, ಬಿಳಿ ಹಾಳೆ ಹಂಚಿದಳು. ಡಬ್ಬಿ ಇಲ್ಲ, ಅಚ್ಚಾದ ಯೂನಿಟ್ ಇಲ್ಲ, ಕಚ್ಚಾ ಲೆಕ್ಕಕ್ಕೆ ಬೇರೆ ಹಾಳೆಯೂ ಇಲ್ಲ. ನಿಮಗೆ ಹೇಗೆ ತೋಚುತ್ತೋ ಹಾಗೆ ಮಾಡಿ, ಮಾಡಿದ್ದೆಲ್ಲ ಅಲ್ಲೇ ಇರಲಿ, ಹೊತ್ತಾದರೆ ಆಗಲಿ ಎಂದಳು.

ಬೆಂಚುಗಳ ನಡುವೆ ನಡೆಯುತ್ತ ಹೋದಳು. ಯಾರೋ ಗುಣಿಸುತ್ತಿದ್ದರು. ಯಾರೋ ಬೇಲಿ ಹಾಕಿ, ನಿಂತು, ಪೆನ್ಸಿಲು ಕಚ್ಚುತ್ತಿದ್ದರು. ಎಷ್ಟೊಂದು ಗೊತ್ತಾಗುತ್ತಿತ್ತು, ಇಷ್ಟು ವರ್ಷ ಇದನ್ನೆಲ್ಲ ರದ್ದಿಯವನಿಗೆ ಕೊಟ್ಟಿದ್ದಳಲ್ಲ. ಸೂಪರ್‌ಫಾಸ್ಟ್ ಇಪ್ಪತ್ತು ಎಂದು ಬರೆದು, ಪೆನ್ನು ಟಪ್ಪೆಂದು ಇಡಲು ಹೋಗಿ, ಇಡದೆ ಮತ್ತೆ ಬೋರ್ಡು ನೋಡಿದ. ಬರೆದದ್ದನ್ನು ಹೊಡೆದುಹಾಕಿ ಒಳಗೊಂದು ಗೆರೆ ಎಳೆದ. ತುಟಿ ಅಲ್ಲಾಡಿಸುತ್ತ ಮೊದಲನೇ ಚುಕ್ಕಿ ಇಟ್ಟ. ಅವನ ಪಕ್ಕದವನು ಅದನ್ನು ನೋಡಿ ತಾನೂ ಇಟ್ಟ. ಆಮೇಲೆ ಒಂದೊಂದು ಬೆಂಚಿನಿಂದಲೂ ಆ ಸದ್ದು ಎದ್ದಿತು, ಮರದ ಮೇಲೆ ಪೆನ್ಸಿಲಿನ ತುದಿ ತಾಗುವ ಟಿಕ್ ಟಿಕ್ ಸದ್ದು. ಅವಳು ಮೂಲೆಯ ಬೆಂಚಿನ ಹತ್ತಿರ ಬಂದಾಗ ಹುಡುಗಿ ಹೊಸ ಹಾಳೆ ಮುಗಿಸಿ, ಹಳೆಯ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಆ ಕೆಂಪು ಸೊನ್ನೆಯನ್ನು ಕಂಡು ಟೀಚರಿಗೆ ಕೈ ಚಾಚಿ ಮುಚ್ಚಿಬಿಡುವಷ್ಟು ಸಂಕಟವಾಯಿತು.

“ಮಿಸ್, ಆವತ್ತಿನ ಹದಿನೇಳು ತಪ್ಪೇ ಅಲ್ವಾ?”

ಸುಳ್ಳು ಹೇಳಬಹುದಿತ್ತು. ಇವತ್ತಿನ ದಿನ ಸ್ವಲ್ಪ ಸುಳ್ಳು ಹೇಳಿದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

“ತಪ್ಪೇ” ಎಂದಳು.

“ಗೊತ್ತು” ಎಂದಳು ಹುಡುಗಿ ನಿರಾಳವಾಗಿ. ಮಸಿ ಮೆತ್ತಿದ ಚಿತ್ರದ ಮೂಲೆಯ ಮನೆಯೊಂದನ್ನು ಪೆನ್ಸಿಲಿನಿಂದ ತೋರಿಸಿದಳು. “ಇಲ್ಲೊಂದು ಬಿಟ್ಟೋಗಿತ್ತು.” ಮತ್ತೆ ಬಗ್ಗಿ, ಆ ಮನೆಯಲ್ಲಿ ಒಂದು ಚುಕ್ಕಿ ಇಟ್ಟಳು.